ಓಣಿಗೊಂದು ಚಿಟಿಕೆ ಕುಂಕುಮ

ಆ ಊರಿನಲ್ಲಿ ಮಲಗುವ ಮನೆಗಳೆಲ್ಲ ಪಡುವಣಕ್ಕಿದ್ದವು, ಅನ್ನ ಹುಟ್ಟಿಸುವ ಕೆಲಸಗಳೆಲ್ಲ ಮೂಡಣಕ್ಕಿದ್ದವು. ಹಾಗೆ ಕಟ್ಟಿದವರು ಯಾರು, ಯಾಕೆ ಕಟ್ಟಿದರು ಎಂದು ಕೇಳುವಷ್ಟು ಬಿಡುವು ಯಾರಿಗೂ ಇರಲಿಲ್ಲ. ಬೆಳಗಾದರೆ ಊರಿಗೆ ಊರೇ ಎದ್ದು ಮೂಡಣಕ್ಕೆ ಹೊರಡುತ್ತಿತ್ತು. ಹುಟ್ಟುವ ಸೂರ್ಯ ಕಣ್ಣಿಗೆ ಹೊಡೆಯುತ್ತಿದ್ದ. ಸಂಜೆಯಾದರೆ ಊರಿಗೆ ಊರೇ ಪಡುವಣಕ್ಕೆ ತಿರುಗುತ್ತಿತ್ತು. ಮುಳುಗುವ ಸೂರ್ಯ ಕಣ್ಣಿಗೆ ಹೊಡೆಯುತ್ತಿದ್ದ. ಎರಡು ಹೊತ್ತೂ ಬಿಸಿಲಿಗೆ ಮುಖ ಕೊಟ್ಟು ನಡೆದು ನಡೆದು ಅಲ್ಲಿಯವರಿಗೆ ತಲೆ ತಗ್ಗಿಸಿಕೊಂಡೇ ಇರುವುದು ಅಭ್ಯಾಸವಾಗಿತ್ತು. ತಗ್ಗಿಸಿದ ತಲೆಗೆ ನೋಡಲು ಏನಾದರೂ ಬೇಕಲ್ಲ? ಅದಕ್ಕೇ ಇರಬೇಕು, ಎಲ್ಲರ ಅಂಗೈಯಲ್ಲೂ ಒಂದೊಂದು ಬಿಲ್ಲೆ ಇತ್ತು.

ವೀಳ್ಯದೆಲೆಯಷ್ಟು ಅಗಲದ, ಕಾಗೆಬಂಗಾರದಂತೆ ಮಿನುಗುವ ತೆಳುವಾದ ಬಿಲ್ಲೆ. ಮಗು ಹುಟ್ಟುವ ಮೊದಲೇ ಅದರ ತೊಟ್ಟಿಲಲ್ಲಿ ಬಿಲ್ಲೆ ಇಟ್ಟಿರುತ್ತಿದ್ದರು. ಸತ್ತವರ ಬಿಲ್ಲೆಯನ್ನು ಅವರ ಜೊತೆಗೇ ಮಣ್ಣಿಗೆ ಕಳಿಸುತ್ತಿದ್ದರು. ಆ ಕಡೆಯ ದಾರಿ ಹೇಗಿದೆಯೋ ಯಾರು ಕಂಡವರು. ಬಿಲ್ಲೆಯ ಮೇಲೆ ಊರಿನ ದಾರಿಗಳೆಲ್ಲ ಗೆರೆಗಳಾಗಿ ಮೂಡಿರುತ್ತಿದ್ದವು. ಗೆರೆ ಹಸಿರಾಗಿದ್ದರೆ ದಾರಿ ಬಿಡುವಾಗಿದೆ ಎಂದು ಅರ್ಥ. ಹಳದಿಯಾಗಿದ್ದರೆ ನಿಧಾನ. ಕೆಂಪಾಗಿದ್ದರೆ ಅಲ್ಲಿ ಎಳ್ಳು ಹಾಕಿದರೂ ನೆಲಕ್ಕೆ ಬೀಳದಷ್ಟು ಜನ. ಊರಿಗಿದ್ದ ಕಟ್ಟಳೆ ಒಂದೇ: ಬಿಲ್ಲೆ ನೋಡದೆ ಹೊಸ್ತಿಲು ದಾಟಬಾರದು, ಬಿಲ್ಲೆ ಕೆಂಪು ಎಂದ ದಾರಿಗೆ ಕಾಲಿಡಬಾರದು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಬೇರೆ ಊರಿನವರು ಕೇಳುತ್ತಾರೆ. ಈ ಊರಿನವರಾದರೆ ಬೇಕು ಎನ್ನುತ್ತಿದ್ದರು.

ಬಿಲ್ಲೆಗೆ ಬಣ್ಣ ಬರುತ್ತಿದ್ದದ್ದು ಊರ ನಡುವಿನ ಅಟ್ಟಣೆಯಿಂದ. ತೆಂಗಿನ ಮರಕ್ಕಿಂತ ಎತ್ತರದ ಕಂಬಗಳ ಮೇಲೆ ಹಲಗೆ ಹಾಸಿ ಕಟ್ಟಿದ ಅಟ್ಟಣೆ ಅದು. ಹಲಗೆಯನ್ನು ಸಗಣಿ ಹಾಕಿ ಸಾರಿಸಿ, ಊರಿನ ದಾರಿಗಳನ್ನೆಲ್ಲ ಬಿಳಿ ರಂಗೋಲಿ ಪುಡಿಯಲ್ಲಿ ಬಿಡಿಸಿದ್ದರು. ಪಕ್ಕದಲ್ಲಿ ಮೂರು ಬಟ್ಟಲು. ಒಂದರಲ್ಲಿ ಕುಂಕುಮ, ಒಂದರಲ್ಲಿ ಅರಿಸಿನ, ಇನ್ನೊಂದರಲ್ಲಿ ಒಣಗಿಸಿ ಕುಟ್ಟಿದ ನುಗ್ಗೆಸೊಪ್ಪು. ಆ ಬಟ್ಟಲುಗಳ ನಡುವೆ ಕುಳಿತವಳನ್ನು ಊರು ಬಣ್ಣದವಳು ಎಂದು ಕರೆಯುತ್ತಿತ್ತು. ಅವಳು ಕೆಳಗೆ ನೋಡಿ, ಯಾವ ದಾರಿ ಹೇಗಿದೆಯೋ ಆ ಗೆರೆಗೆ ಆ ಬಣ್ಣ ಉದುರಿಸುತ್ತಿದ್ದಳು. ಉದುರಿಸಿದ ಗಳಿಗೆಯಲ್ಲೇ ಊರಿನ ಎಲ್ಲ ಅಂಗೈಗಳಲ್ಲೂ ಆ ಗೆರೆ ಆ ಬಣ್ಣಕ್ಕೆ ತಿರುಗುತ್ತಿತ್ತು. ಅದು ಹೇಗೆ ಎಂದು ನನ್ನನ್ನು ಕೇಳಬೇಡಿ, ಆ ಊರಿನಲ್ಲಿ ಹಾಗಿತ್ತು.

ಅವಳಿಗಿಂತ ಮೊದಲು ಅಲ್ಲಿ ಕುಳಿತಿದ್ದ ಮುದುಕಿ ಅವಳಿಗೆ ಕೆಲಸ ಕಲಿಸಿದ್ದಳು. ಕಲಿಸುವುದೇನೂ ಹೆಚ್ಚಿರಲಿಲ್ಲ.

"ಕಂಡದ್ದನ್ನ ಹಾಕು ಮಗಳೇ. ಮುಂದೆ ಆಗೋದನ್ನ ಹಾಕಬೇಡ, ನಿನಗೆ ಬೇಕಾದ್ದನ್ನ ಹಾಕಬೇಡ. ಕೊನೇ ಮನುಷ್ಯ ಮನೆ ಸೇರೋವರೆಗೂ ಕೆಳಗಿಳೀಬೇಡ. ಅಷ್ಟೇ ವಿದ್ಯೆ."

"ದಣಿವಾದರೆ ಏನು ಮಾಡಲಿ?"

"ಆಗತ್ತೆ" ಎಂದಳು ಮುದುಕಿ. ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು ಏಣಿ ಇಳಿದು ಹೋದವಳು ಮತ್ತೆ ಆ ಅಟ್ಟಣೆಯ ಕಡೆ ತಿರುಗಿ ನೋಡಲಿಲ್ಲ.

ದಣಿವು ಬೇಗನೇ ಬಂತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವುದರಿಂದ ಬಂದದ್ದಲ್ಲ ಅದು. ಕಣ್ಣು ಎಷ್ಟು ಬೇಕಾದರೂ ದುಡಿಯುತ್ತದೆ. ಹಾಕಿದ ಬಣ್ಣ ನಿಲ್ಲುತ್ತಿರಲಿಲ್ಲ, ಅದೇ ಅವಳ ದಣಿವು. ಬಾವಿಕಟ್ಟೆಯ ದಾರಿ ಬಿಡುವಾಗಿದೆ ಎಂದು ಅವಳು ಹಸಿರು ಉದುರಿಸುತ್ತಿದ್ದಳು. ಬೆರಳು ಎತ್ತುವುದರೊಳಗೆ ಸಾವಿರ ತಲೆಗಳು ಅಂಗೈಯಲ್ಲಿ ಹಸಿರು ಕಂಡು ಬಾವಿಕಟ್ಟೆಯ ಕಡೆ ತಿರುಗುತ್ತಿದ್ದವು. ನೋಡನೋಡುತ್ತ ಆ ದಾರಿ ತುಂಬಿ, ಗಾಲಿಗೆ ಗಾಲಿ ಸಿಕ್ಕಿ, ಅವಳು ಹಸಿರನ್ನು ಒರೆಸಿ ಕುಂಕುಮ ಹಾಕಬೇಕಾಗುತ್ತಿತ್ತು. ಕುಂಕುಮ ಕಂಡು ಜನ ಚದುರುತ್ತಿದ್ದರು, ದಾರಿ ಖಾಲಿಯಾಗುತ್ತಿತ್ತು, ಕುಂಕುಮ ಸುಳ್ಳಾಗುತ್ತಿತ್ತು. ಮತ್ತೆ ಒರೆಸು, ಮತ್ತೆ ಹಸಿರು ಹಾಕು. ಹಾಕು, ಒರೆಸು, ಹಾಕು. ನಿಜ ಹೇಳಿದ್ದರಿಂದಲೇ ಅವಳ ನಿಜ ಸುಳ್ಳಾಗುತ್ತಿತ್ತು, ಇದನ್ನು ಯಾರಿಗೆ ಹೇಳಿಕೊಂಡರೆ ಏನು ಬಂತು.

ಕೆಲವರು ಜಾಣರಿದ್ದರು. ಹಸಿರಿಗೆ ಎಲ್ಲರೂ ಓಡುತ್ತಾರೆ, ನಾನು ಹಳದಿಗೆ ಹೋಗುತ್ತೇನೆ ಎಂದು ಅವರು ಲೆಕ್ಕ ಹಾಕುತ್ತಿದ್ದರು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಜಾತಿ. ಊರಿನ ಜಾಣರೆಲ್ಲ ಹಳದಿ ದಾರಿಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಸಿಕ್ಕಿಹಾಕಿಕೊಂಡಿರುತ್ತಿದ್ದರು.

ಆಮೇಲೆ ಎಲ್ಲರೂ ಸೇರಿ ಬೈಯುತ್ತಿದ್ದದ್ದು ಅವಳನ್ನೇ. "ಬಣ್ಣದವಳಿಗೆ ಕಣ್ಣಿಲ್ಲವೇನೋ! ಹಸಿರು ಅಂತಾಳೆ, ಇಲ್ಲಿ ನೋಡಿದರೆ ಸಂತೆ." ಬೈಯುವಾಗಲೂ ಯಾರೂ ತಲೆಯೆತ್ತಿ ಅಟ್ಟಣೆಯ ಕಡೆ ನೋಡುತ್ತಿರಲಿಲ್ಲ, ಬಿಲ್ಲೆಗೇ ಬೈಯುತ್ತಿದ್ದರು. ಮೊದಮೊದಲು ಅವಳು ಮೇಲಿನಿಂದ ಕೈಬೀಸಿ ನೋಡಿದ್ದಳು. ಯಾರಿಗೂ ಕಾಣಲಿಲ್ಲ. ಅವಳಿಗೆ ಗೊತ್ತಿದ್ದದ್ದು ಊರಿನವರ ನೆತ್ತಿಗಳು ಮಾತ್ರ: ಎಣ್ಣೆ ಹಚ್ಚಿದ ನೆತ್ತಿ, ಬೋಳು ನೆತ್ತಿ, ಹೂ ಮುಡಿದ ನೆತ್ತಿ.

ಮುಖ ಎತ್ತಿ ಅಟ್ಟಣೆಯ ಕಡೆ ನೋಡುತ್ತಿದ್ದವಳು ಒಬ್ಬಳೇ, ಅವಳ ತಂಗಿ.

ಅಕ್ಕತಂಗಿಯರಿಗೆ ತವರಿನ ಕಡೆ ಬೇರೆ ಯಾರೂ ಇರಲಿಲ್ಲ. ತಂಗಿಯ ಗಂಡ ಗಾಡಿ ಹೊಡೆಯುವವನು, ಒಳ್ಳೆಯವನು, ದಿನದ ಮುಕ್ಕಾಲು ಪಾಲು ಯಾವುದೋ ಕೆಂಪಿನಲ್ಲಿ ಸಿಕ್ಕಿಕೊಂಡಿರುತ್ತಿದ್ದ. ದಿನವೂ ನಡುಹಗಲಲ್ಲಿ ತಂಗಿ ಅಕ್ಕನಿಗೆ ಬುತ್ತಿ ತರುತ್ತಿದ್ದಳು. ಮನೆಯಲ್ಲಿ ಹಬೆಯಾಡುತ್ತಿದ್ದ ಅನ್ನ ಅಟ್ಟಣೆ ಮುಟ್ಟುವ ಹೊತ್ತಿಗೆ ಆರಿ ತಣ್ಣಗಾಗಿರುತ್ತಿತ್ತು. ಆ ಊರಿನಲ್ಲಿ ಬಿಸಿ ಅನ್ನ ಉಂಡವರೇ ಕಡಿಮೆ. ಅನ್ನಕ್ಕೂ ದಾರಿ ಬೇಕಲ್ಲ. ಒಂದು ದಿನ ತಂಗಿ ಬಂದಾಗ ಸೆರಗು ಹರಿದಿತ್ತು, ಮೊಣಕೈ ತರಚಿತ್ತು. ಬುತ್ತಿಯ ಪಾತ್ರೆಯಲ್ಲಿ ತಳಕ್ಕೆ ಅಂಟಿದ ನಾಲ್ಕು ಅಗುಳು ಉಳಿದಿದ್ದವು.

"ತಳ್ಳಿಬಿಟ್ಟರು ಅಕ್ಕಾ. ಬೇಕಂತ ತಳ್ಳಲಿಲ್ಲ ಪಾಪ, ಅವರನ್ನೂ ಹಿಂದಿನವರು ತಳ್ಳಿದ್ದು" ಎಂದು ತಂಗಿ ನಗಲು ನೋಡಿದಳು. ಕಣ್ಣಲ್ಲಿ ನೀರಿತ್ತು.

ಅಕ್ಕನಿಗೆ ಹಸಿವಿತ್ತು, ಸಿಟ್ಟಿತ್ತು. ಅದಕ್ಕಿಂತ ಹೆಚ್ಚಾಗಿ, ಸಾಕು ಅನ್ನಿಸಿತ್ತು. ಅಟ್ಟಣೆಯ ಬುಡದಿಂದ ನೇರ ಅವರ ಮನೆಯ ಬಾಗಿಲಿಗೆ ಹೋಗುವ ಒಂದು ಓಣಿ ಇತ್ತು. ಇಬ್ಬರು ಕೈ ಹಿಡಿದು ನಡೆಯುವಷ್ಟು ಅಗಲ, ಎರಡು ಕಡೆ ಹಿತ್ತಲ ಗೋಡೆ. ಅವಳು ರಂಗೋಲಿಯಲ್ಲಿ ಆ ಸಣ್ಣ ಗೆರೆಯನ್ನು ಹುಡುಕಿ, ಅದರ ಮೇಲೆ ಒಂದು ಚಿಟಿಕೆ ಕುಂಕುಮ ಉದುರಿಸಿದಳು. ಓಣಿಯಲ್ಲಿದ್ದ ಜನ ಅಂಗೈ ನೋಡಿಕೊಂಡರು, ತಾವು ನಿಂತಿರುವ ಜಾಗ ಕೆಂಪಾಗಿದೆ ಎಂದು ಗಾಬರಿಯಾದರು, ಎರಡು ತುದಿಯಿಂದಲೂ ಹೊರಗೆ ಹರಿದು ಹೋದರು. ಓಣಿ ಖಾಲಿಯಾಯಿತು.

"ಈಗ ಹೋಗು" ಎಂದಳು ಅಕ್ಕ. ತಂಗಿ ಓಣಿಯಲ್ಲಿ ಕೈಬೀಸಿಕೊಂಡು ನಡೆದು ಹೋಗುವುದನ್ನು ಮೇಲಿನಿಂದ ನೋಡಿದಳು. ಆ ಊರಿನಲ್ಲಿ ಯಾರಾದರೂ ಕೈಬೀಸಿಕೊಂಡು ನಡೆದದ್ದನ್ನು ಅವಳು ಕಂಡದ್ದು ಅದೇ ಮೊದಲು.

ಮರುದಿನ ಬುತ್ತಿ ಬಿಚ್ಚಿದರೆ ಹಬೆ ಮುಖಕ್ಕೆ ಬಂತು.

ಅಂದಿನಿಂದ ದಿನವೂ ಬೆಳಿಗ್ಗೆ ಅಟ್ಟಣೆ ಹತ್ತಿದ ಕೂಡಲೇ ಅವಳ ಮೊದಲ ಕೆಲಸ ಓಣಿಗೊಂದು ಚಿಟಿಕೆ ಕುಂಕುಮ. ಕಂಡದ್ದನ್ನೇ ಹಾಕಬೇಕೆಂದು ಹೇಳಿದ್ದ ಮುದುಕಿ ನೆನಪಾಗುತ್ತಿದ್ದಳು. ಉಳಿದ ಎಲ್ಲ ದಾರಿಗಳಿಗೂ ನಿಜವನ್ನೇ ಹಾಕಿ ಹಾಕಿ ಸುಳ್ಳು ಮಾಡಿಸಿಕೊಳ್ಳುತ್ತೇನಲ್ಲ, ಈ ಒಂದಕ್ಕೆ ಸುಳ್ಳು ಹಾಕಿದರೆ ಏನು ಮಹಾ, ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಓಣಿಯಲ್ಲಿ ಗರಿಕೆ ಹುಟ್ಟಿತು. ಗೋಡೆಯ ಮೇಲೆ ಬೆಕ್ಕು ಮಲಗತೊಡಗಿತು. ಸಂಜೆ ಕೊನೆಯ ಮನುಷ್ಯ ಮನೆ ಸೇರಿದ ಮೇಲೆ ಅವಳು ಇಳಿದು ಬಂದರೆ ಓಣಿಯ ಬಾಯಲ್ಲಿ ತಂಗಿ ಕಾದಿರುತ್ತಿದ್ದಳು. ಇಬ್ಬರೂ ಕೈ ಹಿಡಿದುಕೊಂಡು ಗರಿಕೆಯ ಮೇಲೆ ಮನೆಗೆ ನಡೆಯುತ್ತಿದ್ದರು. ಅವಳ ದಿನದಲ್ಲಿ ದಣಿವಿಲ್ಲದ ಹೊತ್ತು ಅದೊಂದೇ.

ಓಣಿ ಯಾವಾಗಲೂ ಕೆಂಪಾಗಿರುವುದಕ್ಕೆ ಊರು ತನ್ನದೇ ಕಾರಣಗಳನ್ನು ಹುಟ್ಟಿಸಿಕೊಂಡಿತು. ಅಲ್ಲಿ ದಿಬ್ಬಣವೊಂದು ಸಿಕ್ಕಿಕೊಂಡು ಮದುಮಗ ಮುದುಕನಾಗಿದ್ದಾನೆ ಎಂದರು ಕೆಲವರು. ಕಲ್ಲುಕಂಬ ಹೊತ್ತ ಗಾಡಿ ಅಡ್ಡ ಬಿದ್ದಿದೆ ಎಂದರು ಇನ್ನು ಕೆಲವರು. ಹೋಗಿ ನೋಡಿದವರು ಯಾರೂ ಇರಲಿಲ್ಲ. ಕೆಂಪು ದಾರಿಗೆ ಕಾಲಿಡುವ ಕಟ್ಟಳೆ ಇಲ್ಲವಲ್ಲ.

ಒಮ್ಮೆ ಊರ ಯಜಮಾನ ಏದುಸಿರು ಬಿಡುತ್ತ ಅಟ್ಟಣೆ ಹತ್ತಿ ಬಂದ. ಬಣ್ಣದವಳು ಕುಂಕುಮದ ಬಟ್ಟಲನ್ನು ಹಿಂದಕ್ಕೆ ಸರಿಸಿದಳು.

"ನೋಡಮ್ಮ, ಆ ಸಣ್ಣ ಓಣಿ ಇದೆಯಲ್ಲ, ಯಾವತ್ತು ನೋಡಿದರೂ ಕೆಂಪೇ. ಏನು ಸಮಾಚಾರ ಅಂತ ತಿಳಕೊಂಡು ಹೋಗೋಣ ಅಂತ ಬಂದೆ" ಎಂದು ಯಜಮಾನ ಅಟ್ಟಣೆಯ ಅಂಚಿನ ಕಟಕಟೆಗೆ ಒರಗಿ ನಿಂತ. ಅವನ ಕಾಲಡಿಗೆ ನೇರವಾಗಿ ಓಣಿ ಬಿದ್ದಿತ್ತು. ಗರಿಕೆ ಇತ್ತು, ಬೆಕ್ಕು ಇತ್ತು, ಬಿಸಿಲು ಇತ್ತು. ಕಣ್ಣು ಕೆಳಗಿಳಿಸಿದ್ದರೆ ಸಾಕಿತ್ತು.

ಯಜಮಾನ ಕಣ್ಣು ಇಳಿಸಿದ, ತನ್ನ ಅಂಗೈಗೆ. ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಇವತ್ತೂ ಕೆಂಪೇ ನೋಡು. ಪಾಪ, ಒಳಗಿರೋರ ಗತಿ ಏನೋ" ಎಂದು ಲೊಚಗುಟ್ಟಿದ.

"ನೀವೇ ಒಂದು ಸಲ ಬಗ್ಗಿ ನೋಡಬಹುದಲ್ಲ ಯಜಮಾನರೇ?" ಎಂದು ಅವಳ ಬಾಯಿಂದ ಬಂದೇಬಿಟ್ಟಿತು. ಸಿಕ್ಕಿಬಿದ್ದರೂ ಸರಿ, ಒಬ್ಬರಾದರೂ ನೋಡಲಿ ಅನ್ನಿಸಿತ್ತು ಅವಳಿಗೆ.

"ಕಣ್ಣನ್ನ ನಂಬೋಕಾಗುತ್ತೇನಮ್ಮ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ನೆ ಹೇಳಿಲ್ಲ" ಎಂದು ಯಜಮಾನ ಬಿಲ್ಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ಹೋದ. ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಒಂದು ಹೆದರಿಕೆಯೂ ಬಂತು. ಯಾಕೆಂದು ಅವಳಿಗೆ ಆಗ ತಿಳಿಯಲಿಲ್ಲ.

ತಂಗಿ ಬಸುರಿಯಾದಳು. ಗಾಡಿಯವನು ಕೆಂಪಿನಲ್ಲಿ ನಿಂತಾಗಲೆಲ್ಲ ಮರದ ತುಂಡು ಕೆತ್ತಿ ಕೆತ್ತಿ ತೊಟ್ಟಿಲಿಗೆ ಗಿಳಿಗಳನ್ನು ಮಾಡಿದ. ತೊಟ್ಟಿಲಲ್ಲಿ ಪುಟ್ಟ ಬಿಲ್ಲೆ ಇಟ್ಟರು. ದಿನ ತುಂಬುತ್ತ ಬಂದ ಹಾಗೆ ಒಂದು ಸಂಜೆ, ಗರಿಕೆಯ ಮೇಲೆ ನಿಧಾನವಾಗಿ ನಡೆಯುತ್ತ, ತಂಗಿ ಕೇಳಿದಳು.

"ಅಕ್ಕಾ, ಓಣಿಯ ಕುಂಕುಮ ಒರೆಸಿಬಿಡೇ. ನನಗೆ ನೋವು ಬಂದಾಗ ಸೂಲಗಿತ್ತಿ ಈ ದಾರೀಲೇ ತಾನೇ ಬರಬೇಕು?"

"ಒರೆಸಿದರೆ ಊರೆಲ್ಲ ಇಲ್ಲಿಗೇ ನುಗ್ಗತ್ತೆ ಕಣೇ. ಆಗ ಅಜ್ಜಿ ಹೇಗೆ ಬರ್ತಾಳೆ? ಕೆಂಪಿದ್ದರೇ ಖಾಲಿ ಇರೋದು."

"ಕೆಂಪಿದ್ದರೆ ಅಜ್ಜೀನೂ ಬರಲ್ಲವಲ್ಲ."

"ನಾನು ಹೇಳಿರ್ತೀನಿ. ನೀನು ಹೆದರಬೇಡ."

ಸೂಲಗಿತ್ತಿಯ ಮನೆ ಅಟ್ಟಣೆಯ ಮಗ್ಗುಲಲ್ಲೇ ಇತ್ತು. ಊರಿನ ಅರ್ಧಕ್ಕರ್ಧ ಜನರನ್ನು ಭೂಮಿಗೆ ಇಳಿಸಿಕೊಂಡ ಕೈ ಅವಳದು. ಬಣ್ಣದವಳು ಅವಳ ಕಾಲ ಬಳಿ ಕುಳಿತು ತನ್ನ ಗುಟ್ಟನ್ನೆಲ್ಲ ಹೇಳಿದಳು. ಓಣಿ ಖಾಲಿ ಇದೆ, ಕೆಂಪು ಸುಳ್ಳು, ಸುಳ್ಳು ಹಾಕಿದವಳು ನಾನೇ. ಮಾಳಿಗೆಯ ಮೇಲೆ ತಂಗಿ ಬಿಳಿ ಸೀರೆ ಹರವುತ್ತಾಳೆ, ಅದು ಕಂಡ ಕೂಡಲೇ ನಾನು ಜಾಗಟೆ ಬಡಿಯುತ್ತೇನೆ, ನೀನು ಬಿಲ್ಲೆ ನೋಡದೆ ಓಣಿಗೆ ಇಳಿದುಬಿಡು.

ಸೂಲಗಿತ್ತಿ ಅಂಗೈಯ ಬಿಲ್ಲೆ ನೋಡಿಕೊಂಡಳು. "ಖಾಲಿ ಇದೆ ಅಂತೀಯ."

"ನನ್ನ ತಂಗಿ ಆಣೆಗೂ ಖಾಲಿ ಇದೆ ಅಜ್ಜೀ."

"ಆಯ್ತು ಮಗಳೇ. ಬಿಲ್ಲೆ ನೋಡಲ್ಲ, ಬರ್ತೀನಿ" ಎಂದು ಸೂಲಗಿತ್ತಿ ಅವಳ ತಲೆ ಸವರಿದಳು. ಅವಳು ಮನಸ್ಸಿಟ್ಟೇ ಹೇಳಿದ್ದಳು. ಆ ಮಾತಿನಲ್ಲಿ ಕಪಟವಿರಲಿಲ್ಲ ಎಂದು ನಾನು ಬೇಕಾದರೆ ದೀಪ ಮುಟ್ಟಿ ಹೇಳುತ್ತೇನೆ.

ನೋವು ಬಂದದ್ದು ಊರು ಮನೆಗೆ ತಿರುಗುವ ಹೊತ್ತಿನಲ್ಲಿ. ಮಾಳಿಗೆಯ ಮೇಲೆ ಬಿಳಿ ಸೀರೆ ಹಾರಿತು. ಕೆಳಗೆ ಓಣಿಯೊಂದನ್ನು ಬಿಟ್ಟು ಎಲ್ಲ ದಾರಿಗಳೂ ತಲೆಗಳಿಂದ ತುಂಬಿದ್ದವು, ದೊಡ್ಡ ದಾರಿಯೊಂದು ಅರಿಸಿನದಲ್ಲಿ ತೆವಳುತ್ತಿತ್ತು, ಉಳಿದ ಗೆರೆಗಳೆಲ್ಲ ಕುಂಕುಮವಾಗಿದ್ದವು. ಮುಳುಗುವ ಸೂರ್ಯನ ಬೆಳಕೂ ಸೇರಿ ಅಟ್ಟಣೆಯ ನೆಲವೆಲ್ಲ ಕೆಂಪಾಗಿತ್ತು. ನೆರೆಮನೆಗಳಲ್ಲಿ ಯಾರೂ ಇರಲಿಲ್ಲ. ಆ ಹೊತ್ತಿನಲ್ಲಿ ಕಾಲಿದ್ದವರೆಲ್ಲ ದಾರಿಯಲ್ಲಿರುತ್ತಿದ್ದರು. ಬಣ್ಣದವಳು ಜಾಗಟೆ ಬಡಿದಳು.

ಸೂಲಗಿತ್ತಿ ಕೂಡಲೇ ಹೊರಬಂದಳು. ಕಂಕುಳಲ್ಲಿ ಚೀಲ, ಸೊಂಟಕ್ಕೆ ಬಿಗಿದ ಸೆರಗು. ಬಿಲ್ಲೆಯ ಕಡೆ ನೋಡದೆ ಹೊಸ್ತಿಲು ದಾಟಿದಳು. ಭೇಷ್ ಎಂದುಕೊಂಡಳು ಮೇಲಿದ್ದವಳು. ಸೂಲಗಿತ್ತಿ ಅಟ್ಟಣೆಯ ಬುಡ ಸುತ್ತಿ ಓಣಿಯ ಬಾಯಿಗೆ ಬಂದಳು. ಮುಂದೆ ಓಣಿ ಇತ್ತು. ಗರಿಕೆ, ಗೋಡೆ, ಬೆಕ್ಕು. ಅದರ ಆ ತುದಿಯಲ್ಲಿ ಬಾಗಿಲು, ಬಾಗಿಲ ಮೇಲೆ ಹಾರುವ ಬಿಳಿ ಸೀರೆ. ಕೂಗಿದರೆ ಕೇಳುವಷ್ಟು ದೂರ.

ಅಲ್ಲಿ ಅವಳು ನಿಂತಳು. ಕಾಲು ಎತ್ತಿದಳು, ಇಳಿಸಿದಳು. ಮತ್ತೆ ಎತ್ತಿದಳು. ಹುಟ್ಟಿದಂದಿನಿಂದ ಒಂದು ಸಲವೂ ಬಿಲ್ಲೆ ಕೇಳದೆ ಹೆಜ್ಜೆ ಇಡದ ಕಾಲು ಅದು. ಮನಸ್ಸು ಕೊಟ್ಟ ಮಾತು ಕಾಲಿಗೆ ಗೊತ್ತಿರಲಿಲ್ಲ. ಅವಳ ಮುಷ್ಟಿ ತಾನಾಗಿಯೇ ಬಿಚ್ಚಿತು. ಅವಳು ಅಂಗೈ ನೋಡಿದಳು. ಕೆಂಪು. ತಲೆಯೆತ್ತಿ ಓಣಿ ನೋಡಿದಳು. ಖಾಲಿ. ಮತ್ತೆ ಅಂಗೈ ನೋಡಿದಳು.

"ಅಜ್ಜೀ! ಖಾಲಿ ಇದೆ! ಹೋಗು!" ಎಂದು ಬಣ್ಣದವಳು ಮೇಲಿನಿಂದ ಗಂಟಲು ಹರಿಯುವಂತೆ ಕೂಗಿದಳು. ಊರಿನ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ.

ಸೂಲಗಿತ್ತಿ ತಲೆ ತಗ್ಗಿಸಿ ಹಿಂದಕ್ಕೆ ತಿರುಗಿದಳು. ದೊಡ್ಡ ದಾರಿಯ ಕಡೆ ಹೆಜ್ಜೆ ಹಾಕತೊಡಗಿದಳು, ಜನರ ಕಡಲಿನ ಕಡೆಗೆ.

ಈಗ ಬಣ್ಣದವಳ ಮುಂದೆ ಎರಡೇ ಹಾದಿ ಇದ್ದವು, ಎರಡೂ ಕೆಟ್ಟವು. ಕುಂಕುಮ ಬಿಟ್ಟರೆ ಸೂಲಗಿತ್ತಿ ದೊಡ್ಡ ದಾರಿಯಲ್ಲಿ ಕರಗಿಹೋಗುತ್ತಾಳೆ. ಒರೆಸಿದರೆ ಊರೆಲ್ಲ ಓಣಿಗೆ ಬರುತ್ತದೆ. ಅಜ್ಜಿ ಓಣಿಯ ಬಾಯಿಗೆ ಇನ್ನೂ ಹತ್ತಿರವಿದ್ದಾಳೆ, ಎಲ್ಲರಿಗಿಂತ ಮೊದಲು ಹೊಕ್ಕುಬಿಡಬಹುದು ಎಂದು ಅವಳ ಆಸೆ ಹೇಳಿತು. ಅವಳು ಗೆರೆಯ ಮೇಲಿನ ಕುಂಕುಮವನ್ನು ಬೆರಳಿನಿಂದ ಒರೆಸಿ ಒಂದು ಚಿಟಿಕೆ ಹಸಿರು ಉದುರಿಸಿದಳು.

ಊರಿನ ಕೆಂಪಿನ ನಡುವೆ ಒಂದೇ ಒಂದು ಹಸಿರು ಗೆರೆ. ಸಾವಿರಾರು ನೆತ್ತಿಗಳು ಒಟ್ಟಿಗೆ ಹೊರಳಿದವು. ಸೂಲಗಿತ್ತಿಯೂ ಹೊರಳಿದಳು, ಓಡಿದಳು, ಓಣಿಯ ಒಳಗೆ ಹೊಕ್ಕಳು. ಅವಳ ಹಿಂದೆ, ಅವಳ ಮುಂದೆ, ಅಡ್ಡಗೋಡೆ ಹಾರಿ, ಹಿತ್ತಲು ದಾಟಿ ಜನ ಹೊಕ್ಕರು. ಗರಿಕೆ ಕಾಣದಾಯಿತು. ಬೆಕ್ಕು ಎಲ್ಲಿ ಹೋಯಿತೋ. ಎಷ್ಟೋ ವರ್ಷದಿಂದ ಸಿಕ್ಕದಿದ್ದ ದಾರಿ ಸಿಕ್ಕಿತೆಂದು ಜನ ಹಿಗ್ಗಿ ಕೂಗುತ್ತಿದ್ದರು. ಓಣಿಯ ನಟ್ಟನಡುವೆ ಸೂಲಗಿತ್ತಿಯ ನರೆತ ನೆತ್ತಿ ಒಂದು ಗಳಿಗೆ ಕಂಡಿತು. ಅದು ಹಿಂದಕ್ಕೂ ಹೋಗುತ್ತಿರಲಿಲ್ಲ, ಮುಂದಕ್ಕೂ ಹೋಗುತ್ತಿರಲಿಲ್ಲ.

ಮಾಳಿಗೆಯ ಮೇಲಿನ ಬಿಳಿ ಸೀರೆ ಗಾಳಿಗೆ ಕಳಚಿಕೊಂಡು ಬಿತ್ತು. ಅದನ್ನು ಮತ್ತೆ ಹರವಲು ಯಾರೂ ಮೇಲೆ ಬರಲಿಲ್ಲ.

ಬಣ್ಣದವಳು ಸೆರಗನ್ನು ಮುದ್ದೆ ಮಾಡಿ ಹಿಡಿದು, ಮಂಡಿಯೂರಿ, ರಂಗೋಲಿಯನ್ನೆಲ್ಲ ಒಂದು ಕಡೆಯಿಂದ ಒರೆಸಿದಳು. ಕೆಂಪು ಹಸಿರು ಹಳದಿ ಎಲ್ಲ ಕಲಸಿ ಬೂದು ಬಣ್ಣದ ಕೆಸರಾಯಿತು. ಊರಿನ ಎಲ್ಲ ಅಂಗೈಗಳಲ್ಲೂ ಬಿಲ್ಲೆ ಬರಿದಾಯಿತು.

ಊರು ನಿಂತಿತು. ಎತ್ತಿದ ಕಾಲು ಎತ್ತಿದಲ್ಲೇ, ಬೈಯಲು ತೆರೆದ ಬಾಯಿ ತೆರೆದಂತೆಯೇ. ಬಣ್ಣವಿಲ್ಲದ ದಾರಿಯಲ್ಲಿ ಹೆಜ್ಜೆ ಇಡುವುದು ಹೇಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅಷ್ಟು ನಿಶ್ಶಬ್ದವನ್ನು ಆ ಊರು ಕೇಳಿರಲಿಲ್ಲ. ಆ ನಿಶ್ಶಬ್ದದಲ್ಲಿ ಬಣ್ಣದವಳು ಏಣಿ ಇಳಿದಳು.

ನಿಂತ ಜನರ ನಡುವೆ ಅವಳು ಮೈ ತೂರಿಸಿಕೊಂಡು ನಡೆದಳು. ಭುಜಗಳನ್ನು ಸರಿಸಿದಳು, ಮೊಣಕೈಗಳನ್ನು ಮಡಿಸಿದಳು. ಯಾರೂ ಅಡ್ಡಿ ಮಾಡಲಿಲ್ಲ, ಯಾರೂ ದಾರಿಯನ್ನೂ ಬಿಡಲಿಲ್ಲ. ಸೂಲಗಿತ್ತಿ ಬಾಗಿಲಿಗೆ ಮುಖ ಮಾಡಿ ನಿಂತಿದ್ದಳು. ಬಾಗಿಲು ಎದುರಿಗೇ ಇತ್ತು.

"ಬಿಲ್ಲೇಲಿ ಏನೂ ಇಲ್ಲ ಮಗಳೇ" ಎಂದಳು ಸೂಲಗಿತ್ತಿ, ಕತ್ತಲಲ್ಲಿ ಕಳೆದುಹೋದವಳ ದನಿಯಲ್ಲಿ. "ಹೇಗೆ ಬರಲಿ?"

"ನನ್ನ ಕೈ ಹಿಡ್ಕೋ ಅಜ್ಜೀ" ಎಂದು ಬಣ್ಣದವಳು ಅವಳ ಅಂಗೈಯಿಂದ ಬಿಲ್ಲೆ ತೆಗೆದು ಆ ಜಾಗಕ್ಕೆ ತನ್ನ ಕೈ ಇಟ್ಟಳು. ಹಾಗೆ ಇಬ್ಬರೂ ಬಾಗಿಲು ಮುಟ್ಟಿದರು.

ಒಳಗೆ ಎಲ್ಲ ಮುಗಿದಿತ್ತು. ತಂಗಿ ಗೋಡೆಗೆ ಒರಗಿ ಕುಳಿತಿದ್ದಳು, ಬದುಕಿದ್ದಳು. ಮಡಿಲಲ್ಲಿ ಹಳೆ ಸೀರೆಯಲ್ಲಿ ಸುತ್ತಿದ ಮಗು ಇತ್ತು. ಸೂಲಗಿತ್ತಿ ಮಗುವನ್ನು ಎತ್ತಿಕೊಂಡು ಬೆನ್ನು ತಟ್ಟಿದಳು, ಅಂಗಾಲು ಉಜ್ಜಿದಳು, ಬಾಯಿಗೆ ಬಾಯಿಟ್ಟು ಉಸಿರು ಊದಿದಳು. ತಟ್ಟಿದಳು, ಉಜ್ಜಿದಳು, ಊದಿದಳು. ಕೊನೆಗೆ ಕೈ ಸೋತು ಕುಳಿತಳು.

"ಕೊರಳಿಗೆ ಕರುಳಬಳ್ಳಿ ಸುತ್ತಿಕೊಂಡಿತ್ತು. ಬಿಡಿಸೋ ಕೈ ಒಂದು ಬೇಕಿತ್ತು, ಅಷ್ಟೇ" ಎಂದಳು. ತನ್ನ ಎರಡು ಕೈಗಳನ್ನೂ ಮುಂದೆ ಹಿಡಿದು, ಯಾರದೋ ಕೈಗಳನ್ನು ನೋಡುವವಳ ಹಾಗೆ ನೋಡಿದಳು.

ತಂಗಿ ಅಳುತ್ತಿರಲಿಲ್ಲ. ಅವಳು ಅಕ್ಕನ ಮುಖವನ್ನೇ ನೋಡುತ್ತಿದ್ದಳು, ಅಟ್ಟಣೆಯ ಕಡೆ ನೋಡುತ್ತಿದ್ದ ಹಾಗೆಯೇ.

"ಓಣಿ ಖಾಲಿ ಇತ್ತಲ್ಲ ಅಕ್ಕಾ?" ಎಂದು ಕೇಳಿದಳು.

"ಖಾಲಿ ಇತ್ತು" ಎಂದಳು ಅಕ್ಕ.

 

ಅಕ್ಕ ಬಾಗಿಲಿಗೆ ಬಂದಳು. ಹೊರಗೆ ಊರು ಇನ್ನೂ ನಿಂತೇ ಇತ್ತು. ಕೆಲವರಿಗೆ ತಮ್ಮ ಮನೆಯ ಬಾಗಿಲು ಕಾಣುತ್ತಿತ್ತು, ಆದರೂ ನಿಂತಿದ್ದರು. "ಅಮ್ಮಾ, ಬಣ್ಣ?" ಎಂದು ಒಬ್ಬ ಮೆಲ್ಲಗೆ ಕೇಳಿದ. ಅವಳು ಅವನನ್ನು ಬೈಯಬಹುದಿತ್ತು. ಅವನ ಬಿಲ್ಲೆಯನ್ನು ಕಿತ್ತು ಗೋಡೆಗೆ ಅಪ್ಪಳಿಸಬಹುದಿತ್ತು. ಆದರೆ ದೊಡ್ಡ ದಾರಿಯಲ್ಲಿ, ನಿಂತ ಗಾಡಿಗಳ ಸಾಲಿನಲ್ಲೆಲ್ಲೋ, ತಂಗಿಯ ಗಂಡನೂ ಬರಿದಾದ ಬಿಲ್ಲೆ ಹಿಡಿದು ನಿಂತಿದ್ದ, ತಾನು ಇನ್ನೇನು ತಂದೆಯಾಗುವವನು ಎಂದೇ ತಿಳಿದುಕೊಂಡು. ಅವನು ಮನೆಗೆ ಬರಬೇಕಿತ್ತು. ತಂಗಿಗೆ ಅವನು ಬೇಕಿತ್ತು.

ಅವಳು ಮತ್ತೆ ಅಟ್ಟಣೆ ಹತ್ತಿದಳು. ಏಣಿಯ ಮೆಟ್ಟಿಲು ಮೆಟ್ಟಿಲಿಗೂ ನಿಂತು ನಿಂತು ಹತ್ತಿದಳು. ನೆಲ ಸಾರಿಸಿ ಬಿಳಿ ಗೆರೆಗಳನ್ನು ಎಳೆದಳು, ಒಂದೊಂದಕ್ಕೂ ಕಂಡ ಬಣ್ಣ ಹಾಕಿದಳು. ದೊಡ್ಡ ದಾರಿಗೆ ಕುಂಕುಮ. ಬಾವಿಕಟ್ಟೆಗೆ ಅರಿಸಿನ. ಊರು ಉಸಿರು ಬಿಟ್ಟು ಅಲುಗಾಡಿತು, ಬೈಯತೊಡಗಿತು, ಮನೆಯ ಕಡೆ ತೆವಳಿತು. ಕೆಳಗೆ ಆ ಮನೆಯ ತೊಟ್ಟಿಲಲ್ಲಿದ್ದ ಪುಟ್ಟ ಬಿಲ್ಲೆಯಲ್ಲೂ ಬಣ್ಣಗಳು ಮೂಡಿರುತ್ತವೆ ಎಂದು ನೆನಪಾದಾಗ ಅವಳ ಬೆರಳು ನಿಂತುಹೋಯಿತು. ಆಗ ಉಳಿದಿದ್ದದ್ದು ಒಂದೇ ಗೆರೆ, ಓಣಿ. ಅವಳು ಕುಂಕುಮದ ಬಟ್ಟಲಿಗೆ ಕೈ ಹಾಕಲಿಲ್ಲ, ಹಸಿರಿಗೂ ಹಾಕಲಿಲ್ಲ. ಗೆರೆಯನ್ನು ಬಿಳಿಯಾಗಿಯೇ ಬಿಟ್ಟಳು.

ಮಗುವನ್ನು ಮರುದಿನ ಮಣ್ಣಿಗೆ ಕೊಟ್ಟರು, ಅದರ ಬಿಲ್ಲೆಯ ಜೊತೆಗೆ. ಯಜಮಾನ ಮತ್ತೆ ಅಟ್ಟಣೆ ಹತ್ತಿ ಬಂದು, ಸಾವಿನ ಮನೆಯವಳೆಂದು ದನಿ ತಗ್ಗಿಸಿ ಕೇಳಿದ: "ಆ ಓಣಿಗೆ ಬಣ್ಣ ಹಾಕೋದು ಮರೆತೆ ಅಂತ ಕಾಣತ್ತಮ್ಮ."

"ಮರೆತಿಲ್ಲ."

"ಮತ್ತೆ ಜನಕ್ಕೆ ಗೊತ್ತಾಗೋದು ಹೇಗೆ?"

"ಹೋಗಿ ನೋಡಲಿ" ಎಂದಳು ಬಣ್ಣದವಳು. ಅದಕ್ಕಿಂತ ಹೆಚ್ಚು ವಿವರಿಸುವ ಶಕ್ತಿ ಅವಳಲ್ಲಿರಲಿಲ್ಲ.

ಈಗಲೂ ಆ ಓಣಿ ಬಿಲ್ಲೆಯಲ್ಲಿ ಬಿಳಿಯಾಗಿಯೇ ಇದೆ. ಜನ ಅದರ ಬಾಯಿಗೆ ಬಂದು ಅಂಗೈ ನೋಡುತ್ತಾರೆ, ಬಿಲ್ಲೆ ಏನೂ ಹೇಳುವುದಿಲ್ಲ. ಹೆಚ್ಚಿನವರು ತಿರುಗಿ ಹೋಗುತ್ತಾರೆ. ಒಬ್ಬೊಬ್ಬರು ಮಾತ್ರ ಗೊಣಗುತ್ತ ತಲೆ ಎತ್ತುತ್ತಾರೆ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಕೈ ಅಡ್ಡ ಹಿಡಿದು ಓಣಿಯ ಒಳಗೆ ದಿಟ್ಟಿಸುತ್ತಾರೆ, ಜನ ಕಡಿಮೆ ಇದ್ದರೆ ಒಳಗಿಳಿಯುತ್ತಾರೆ. ಸೂಲಗಿತ್ತಿ ದಿನಕ್ಕೊಮ್ಮೆ ಕೆಲಸವಿಲ್ಲದಿದ್ದರೂ ಅಲ್ಲಿಗೆ ಬಂದು, ಬರಿಗೈಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ಹೋಗುತ್ತಾಳೆ. ಕಾಲಿಗೆ ಅಭ್ಯಾಸ ಮಾಡಿಸುತ್ತಿದ್ದೇನೆ ಎನ್ನುತ್ತಾಳೆ. ಮೇಲೆ ಕುಳಿತವಳಿಗೆ ಅಪರೂಪಕ್ಕೊಮ್ಮೆ ಒಂದು ಮುಖ ಕಾಣುತ್ತದೆ.

ತಂಗಿ ಮಾತ್ರ ಆ ಓಣಿಗೆ ಮತ್ತೆ ಕಾಲಿಡಲಿಲ್ಲ. ನಡುಹಗಲಲ್ಲಿ ಬುತ್ತಿ ತರುವುದನ್ನು ಅವಳು ಬಿಟ್ಟಿಲ್ಲ. ತರುವುದು ದೊಡ್ಡ ದಾರಿಯಲ್ಲಿ, ಜನರ ನಡುವೆ, ತಳ್ಳಿಸಿಕೊಂಡು, ಪಾತ್ರೆಯನ್ನು ಎದೆಗೆ ಅವಚಿಕೊಂಡು. ಏಣಿಯ ಬುಡದಲ್ಲಿ ನಿಂತು ತಲೆಯೆತ್ತಿ "ಅಕ್ಕಾ" ಎಂದು ಕರೆಯುತ್ತಾಳೆ. ಅಕ್ಕ ಹಗ್ಗ ಇಳಿಬಿಟ್ಟು ಬುತ್ತಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಾಳೆ.

ಅನ್ನ ಆರಿ ತಣ್ಣಗಾಗಿರುತ್ತದೆ. ಅಕ್ಕ ಒಂದು ಅಗುಳೂ ಬಿಡದೆ ಉಣ್ಣುತ್ತಾಳೆ.